ಹಾಡೋ ಮಗೂನ ಉಯ್ಯಾಲೆಯಿಂದ ಕೆಳಗಿಳಿಸಿ: ಟಿವಿ ಸಂಗೀತ ಶೋ ಮಾಡೋರಿಗೆ ಕೊಡಗಿನಿಂದ ಒಂದು ಬಹಿರಂಗ ಪತ್ರ

ಕನ್ನಡ ಟಿವಿಲಿ ಹಾಡಿನ ಸ್ಪರ್ಧೆ ನಡೆಸೋ ಎಲ್ಲ ಚಾನೆಲ್‌ನವರಿಗೆ, ಶೋ ಡೈರೆಕ್ಟರ್‌ಗಳಿಗೆ, ತೀರ್ಪುಗಾರರ ಕುರ್ಚಿಲಿ ಕೂರೋ ಹಿರಿಯರಿಗೆ ನಮಸ್ಕಾರ.

ನಾನು ಸುಂಟಿಕೊಪ್ಪದ ಹತ್ರ ಇರೋಳು. ಚಿಕ್ಕದೊಂದು ಹೋಂಸ್ಟೇ ಇದೆ, ಸ್ವಲ್ಪ ಕಾಫಿ ಇದೆ, ಭಾನುವಾರ ಬೆಳಿಗ್ಗೆ ವರಾಂಡದಲ್ಲಿ ಚಾಪೆ ಹಾಸಿ ಹತ್ತು ಹನ್ನೆರಡು ಮಕ್ಕಳಿಗೆ ಸುಗಮ ಸಂಗೀತ ಹೇಳ್ಕೊಡ್ತೀನಿ. ನಿಮ್ಮ ಶೋಗಳನ್ನ ಶುರುವಿಂದ ನೋಡ್ಕೊಂಡು ಬಂದಿದೀನಿ, ವಾರದ ಕೊನೇಲಿ ಊಟದ ತಟ್ಟೆ ಹಿಡ್ಕೊಂಡು ಟಿವಿ ಮುಂದೆ ಕೂತ್ರೆ ಕೈ ಒಣಗಿದ್ರೂ ಎದ್ದೇಳ್ತಿರಲಿಲ್ಲ, ಎಷ್ಟೋ ಹಳೇ ಹಾಡುಗಳನ್ನ ನಿಮ್ಮ ಎಪಿಸೋಡ್‌ಗಳಿಂದಾನೇ ಮಕ್ಕಳಿಗೆ ಕಲಿಸಿದೀನಿ. ಆ ಋಣ ಇದೆ. ಅದಕ್ಕೇ ಬೇಜಾರನ್ನ ಮನಸ್ಸಲ್ಲೇ ಇಟ್ಕೊಳ್ದೆ ನೇರವಾಗಿ ನಿಮಗೇ ಬರೀತಿದೀನಿ.

ನನ್ನ ಹತ್ರ ಕಲಿಯೋ ಒಬ್ಬ ಹುಡುಗಿ ಒಂದು ಶೋಗೆ ಸೆಲೆಕ್ಟ್ ಆಗಿದ್ಲು. ಯಾವ ಚಾನೆಲ್ಲು, ಯಾವ ವರ್ಷ, ಯಾರ ಮಗಳು ಅಂತ ಬರಿಯಲ್ಲ, ಯಾಕಂದ್ರೆ ಆ ಮಗು ನಾಳೆ ನೆಮ್ಮದಿಯಾಗಿ ಶಾಲೆಗೆ ಹೋಗ್ಬೇಕು, ಮತ್ತೆ ಇದು ಒಂದೇ ಚಾನೆಲ್ಲಿನ ಕತೆಯೂ ಅಲ್ಲ. ಅವಳ ಅಪ್ಪ ಅಮ್ಮ ಇಬ್ರೂ ತೋಟದಲ್ಲಿ ಕೆಲಸ ಮಾಡ್ತಾರೆ, ಲೈನ್ ಮನೇಲಿ, ಅಂದ್ರೆ ತೋಟದ ಕೂಲಿಯವರ ಸಾಲು ಮನೇಲಿ ಇರೋದು. ಹದಿಮೂರು ವರ್ಷ. ಕಂಠ ಹೇಗಿದೆ ಅಂದ್ರೆ ಮಳೆಗಾಲದಲ್ಲಿ ತಗಡಿನ ಶೀಟ್ ಮೇಲೆ ಮಳೆ ಹೊಡೀತಿದ್ರೂ ಅವಳ ಧ್ವನಿ ಅದರೊಳಗಿಂದ ತೂರಿ ಬರುತ್ತೆ, ಕಿರುಚೋದಿಲ್ಲ, ಸುಮ್ನೆ ಬರುತ್ತೆ.

ಎರಡನೇ ರೌಂಡಿಗೆ ನಾವು ಆರಿಸಿದ್ದು ಒಂದು ನಿಧಾನ ನಡೆಯ ಭಾವಗೀತೆ. ಪಲ್ಲವಿ, ಎರಡು ಚರಣ. ಎರಡನೇ ಚರಣದ ಮೂರನೇ ಸಾಲಿದೆಯಲ್ಲ, ಅಲ್ಲಿ ತಾರಸ್ಥಾಯಿ ಷಡ್ಜಕ್ಕೆ, ಅಂದ್ರೆ ಮೇಲಿನ ‘ಸ’ಗೆ ಹೋಗಿ ಒಂದು ಕ್ಷಣ ನಿಂತು ಅಲ್ಲಿಂದ ಮೆಲ್ಲಗೆ ಪಂಚಮಕ್ಕೆ ಇಳೀಬೇಕು, ಎಲ್ಲಾ ಒಂದೇ ಉಸಿರಲ್ಲಿ, ಮಧ್ಯದಲ್ಲಿ ಉಸಿರು ತಗೊಂಡ್ರೆ ಆ ಸಾಲಿನ ಅರ್ಥಾನೇ ಎರಡು ತುಂಡಾಗುತ್ತೆ. ಎರಡು ತಿಂಗಳು ಆ ಒಂದು ಸಾಲಿಗೆ ಕೂತಿದೀವಿ. ಹೊಟ್ಟೆ ಮೇಲೆ ಕೈ ಇಟ್ಕೊಂಡು ಉಸಿರು ಎಲ್ಲಿಂದ ಬರ್ತಿದೆ ನೋಡ್ಕೋ ಅಂತ ಹೇಳಿ ಹೇಳಿ, ಕೊನೆಗೊಂದು ಭಾನುವಾರ ಅವಳು ಅದನ್ನ ಪೂರ್ತಿ ಹಾಡಿದಾಗ ಉಳಿದ ಮಕ್ಕಳು ತಾಳ ಹಾಕೋದನ್ನೇ ಮರೆತು ನೋಡ್ತಾ ಕೂತಿದ್ರು. ಅವತ್ತು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೆ. ಹಿಂದೆ ಹುಂಜ ಕೂಗುತ್ತೆ, ಯಾರೋ ಗೇಟ್ ತೆಗೀತಾರೆ, ಆದ್ರೂ ಆ ಸಾಲು ಇದೆ, ಹೇಗಿರ್ಬೇಕೋ ಹಾಗೇ ಇದೆ.

ಶೂಟಿಂಗ್ ದಿನ ಏನಾಯ್ತು ಅಂದ್ರೆ, ಹೋದ ತಕ್ಷಣ ಎರಡನೇ ಚರಣ ಕಟ್ ಅಂದ್ರು. ಟೈಮ್ ಇಲ್ಲ ಮೇಡಂ, ಒಂದೂವರೆ ನಿಮಿಷದಲ್ಲಿ ಮುಗೀಬೇಕು. ಸರಿ ಅಂದ್ಕೊಂಡೆ, ಟಿವಿಗೆ ಟಿವಿಯ ಲೆಕ್ಕ ಇರುತ್ತೆ. ಆಮೇಲೆ ಒಂದು ಅರ್ಧಚಂದ್ರಾಕಾರದ ಉಯ್ಯಾಲೆ ತಂದ್ರು, ಬೆಳ್ಳಿ ಬಣ್ಣ, ಸುತ್ತ ಪ್ಲಾಸ್ಟಿಕ್ ಹೂವು, ಮೇಲಿನ ಕಬ್ಬಿಣದ ಚೌಕಟ್ಟಿಗೆ ವೈರ್ ಹಾಕಿ ಕಟ್ಟಿದ್ರು. ಹುಡುಗಿ ಅದರ ಮೇಲೆ ಕೂತು ಮೇಲಿಂದ ಇಳೀತಾ ಹಾಡ್ಬೇಕಂತೆ. ಬೀಳ್ಬಾರ್ದಲ್ಲ, ಅದಕ್ಕೆ ಫ್ರಾಕಿನ ಒಳಗೆ ಒಂದು ಬೆಲ್ಟು, ಪಕ್ಕೆಲುಬಿನ ಕೆಳಗೆ ಬಿಗಿಯಾಗಿ. ಉಸಿರು ತುಂಬ್ಕೋಬೇಕಾದ ಜಾಗಕ್ಕೇ ಸರಿಯಾಗಿ. ನಾನು ಹೇಳ್ದೆ, ಸರ್ ಇಲ್ಲಿ ಕಟ್ಟಿದ್ರೆ ಅವಳಿಗೆ ಹಾಡೋಕಾಗಲ್ಲ ಅಂತ. ಅಲ್ಲಿದ್ದ ಹುಡುಗ ಒಳ್ಳೆಯವನೇ, ಗೌರವವಾಗೇ ಮಾತಾಡ್ದ, ಸೇಫ್ಟಿ ಮೇಡಂ, ಬಿಚ್ಚೋ ಹಾಗಿಲ್ಲ ಅಂದ. ಸೇಫ್ಟಿ ಬೇಕು, ಅದನ್ನ ಒಪ್ತೀನಿ. ಆದ್ರೆ ಮಗೂನ ಅಷ್ಟು ಎತ್ತರಕ್ಕೆ ಏರಿಸಿದ್ದು ಯಾರು?

ಹಾಡಿದ್ಲು. ಪಲ್ಲವಿಲೇ ಉಸಿರು ಸಾಲದೆ ಎರಡು ಕಡೆ ಕಡಿದ್ಲು. ಹೊಗೆ ಬಿಟ್ಟಿದ್ರು, ಗಂಟಲಿಗೆ ಹೋಯ್ತು. ಉಯ್ಯಾಲೆ ಇಳೀತಾ ಸ್ವಲ್ಪ ತಿರುಗಿದಾಗ ಭಯಕ್ಕೆ ಸ್ವರ ಜಾರ್ತು. ಮುಗಿದ ಮೇಲೆ ಬಂದ ಮಾತು, "ಶ್ರುತಿ ಸ್ವಲ್ಪ ಅಲ್ಲಾಡ್ತು ಪುಟ್ಟ, ಆದ್ರೆ ಆ್ಯಕ್ಟ್ ಸೂಪರ್." ಆಮೇಲೆ ಅವಳ ಅಮ್ಮನ್ನ ಸ್ಟೇಜಿಗೆ ಕರೆದು ತೋಟದ ಕೂಲಿ ಬಗ್ಗೆ, ಸೋರೋ ಮನೆ ಬಗ್ಗೆ ಕೇಳಿದ್ರು, ಕಣ್ಣೀರು ಬರೋ ತನಕ ಕೇಳಿದ್ರು. ಆ ಹೆಂಗಸು ಹತ್ತು ವರ್ಷದಲ್ಲಿ ನನ್ನ ಮುಂದೆ ಒಂದು ದಿನ ಅತ್ತಿದ್ದಿಲ್ಲ.

ಟೆಲಿಕಾಸ್ಟ್ ದಿನ ನೋಡಿದ್ವಿ. ಮಗಳ ಮುಖ ಬಂದಿದ್ದಕ್ಕಿಂತ ತೀರ್ಪುಗಾರರ ಮುಖ ಜಾಸ್ತಿ ಬಂತು. ಚಂದ್ರ ಬಂತು, ಹೊಗೆ ಬಂತು, ಅಮ್ಮನ ಕಣ್ಣು ಬಂತು, ಮತ್ತೆ ಚಂದ್ರ. ಮಾರನೇ ವಾರ ಸಂತೇಲಿ ಸಿಕ್ಕವರೆಲ್ಲ ಅವಳನ್ನ ನಿಲ್ಲಿಸಿ, ಟಿವಿಲಿ ನೋಡಿದ್ವಿ ಕಣೇ, ಚಂದ್ರ ಎಷ್ಟು ಚೆನ್ನಾಗಿತ್ತು, ಹೆದರಿಕೆ ಆಗ್ಲಿಲ್ವಾ ಅಂದ್ರು. ಯಾವ ಹಾಡು ಹಾಡಿದ್ಲು ಅಂತ ಒಬ್ರಿಗೂ ನೆನಪಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ, ತರಕಾರಿ ಚೀಲ ಹಿಡ್ಕೊಂಡು, ಅವಳ ಮುಖ ನೋಡೋಕೆ ಧೈರ್ಯ ಬರ್ಲಿಲ್ಲ.

ಈಗ ನೀವು ಹೇಳಬಹುದು, ಕಾಡಿನ ಮಧ್ಯೆ ಇರೋರಿಗೆ ಶೋಮ್ಯಾನ್‌ಶಿಪ್ ಏನ್ ಗೊತ್ತು ಅಂತ. ಸ್ವಾಮಿ, ನಾವು ಮಡಿಕೇರಿ ದಸರಾ ನೋಡಿ ಬೆಳೆದೋರು. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ದಶಮಂಟಪ ಹೊರಡುತ್ತೆ, ಟ್ರ್ಯಾಕ್ಟರ್ ಮೇಲೆ ಕಟ್ಟಿದ ಅಷ್ಟೆತ್ತರದ ಮೂರ್ತಿಗಳು ಕೈ ಆಡಿಸ್ತವೆ, ರಾಕ್ಷಸನ ತಲೆ ಉರುಳುತ್ತೆ, ಬೆಂಕಿ, ಹೊಗೆ, ಲೈಟು, ಎದೆಗೆ ಗುದ್ದೋ ಸೌಂಡು, ಚಳೀಲಿ ನಡುಗ್ತಾ ಬೆಳಗಿನ ಜಾವದ ತನಕ ಜನ ರಸ್ತೇಲಿ ನಿಂತಿರ್ತಾರೆ. ನಾನೂ ನಿಂತಿದೀನಿ, ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ನಿಂತಿದೀನಿ. ಯಾವ ಮಂಟಪಕ್ಕೆ ಫಸ್ಟ್ ಪ್ರೈಜು ಅಂತ ಮನೆ ಮನೇಲೂ ಜಗಳ ಆಗುತ್ತೆ. ಅದು ಮಂಟಪದ ಸ್ಪರ್ಧೆ, ಅಲ್ಲಿ ಮಂಟಪಕ್ಕೆ ಮಾರ್ಕು, ಲೈಟಿಗೂ ಮಾರ್ಕು, ಚಲನೆಗೂ ಮಾರ್ಕು. ನಿಮ್ಮದು ಹಾಡಿನ ಸ್ಪರ್ಧೆ ಅಂತ ನೀವೇ ಹೆಸರಿಟ್ಟಿದೀರ. ಹಾಗಾದ್ರೆ ಮಾರ್ಕು ಯಾವುದಕ್ಕೆ ಹೋಗ್ಬೇಕು?

ದೊಡ್ಡ ಸ್ಟೇಜ್ ಅಂದ್ರೇನೇ ತಪ್ಪು ಅಂತ ನಾನು ಹೇಳ್ತಿಲ್ಲ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ಅವರು ಕನ್ನಡವೇ ಸತ್ಯ ಕಾರ್ಯಕ್ರಮ ಮಾಡಿದಾಗ ಅದು ಸಣ್ಣ ಸ್ಟೇಜೇನಲ್ಲ, ಮೈದಾನ ತುಂಬಿ ಜನ. ಬಂದಿದ್ದು ಭಾವಗೀತೆ ಕೇಳೋಕೆ! ಸ್ಟೇಜ್ ಎಷ್ಟು ದೊಡ್ಡದಾದ್ರೂ ಅದರ ಮಧ್ಯದಲ್ಲಿ ಆ ಮನುಷ್ಯನ ಕಂಠವೇ ನಿಂತಿತ್ತು.

ಮತ್ತೆ ಎದೆ ತುಂಬಿ ಹಾಡುವೆನು. ಜಿ.ಎಸ್. ಶಿವರುದ್ರಪ್ಪನವರ ಕವಿತೆಯ ಸಾಲನ್ನ ನೆನಪಿಸೋ ಹೆಸರಿಟ್ಕೊಂಡು ಈಟಿವಿ ಕನ್ನಡದಲ್ಲಿ ಎಸ್‌ಪಿಬಿ ಅವರು ನಡೆಸ್ತಿದ್ದ ಶೋ. ಮಗು ಹಾಡು ಮುಗಿಸಿದ ಮೇಲೆ ಅವರು ಅದರ ಬಗ್ಗೆ ಮಾತಾಡೋರು, ಈ ಹಾಡು ಬರೆದವರು ಯಾರು, ರಾಗ ಹಾಕಿದವರು ಯಾರು, ರೆಕಾರ್ಡಿಂಗ್ ದಿನ ಏನಾಯ್ತು, ಈ ಪದದಲ್ಲಿ ಮಹಾಪ್ರಾಣ ಇದೆ ನೋಡು ಕಂದ, ಅದನ್ನ ನುಂಗ್ಬೇಡ. ಆಮೇಲೆ ಆ ಸಾಲನ್ನ ತಾವೇ ಹಾಡಿ ತೋರಿಸೋರು, ಮಗು ಕೈಲಿ ತಿರುಗಿ ಹಾಡ್ಸೋರು. ಮನೇಲಿ ಕೂತ ನಾವೂ ಅದರ ಜೊತೆ ಕಲೀತಿದ್ವಿ, ನನಗೆ ಷ ಮತ್ತು ಶ ವ್ಯತ್ಯಾಸ ಬಾಯಲ್ಲಿ ಸರಿಯಾಗಿ ಕೂತಿದ್ದೇ ಆ ಶೋ ನೋಡಿ. 2020ರ ಸೆಪ್ಟೆಂಬರ್ 25ಕ್ಕೆ ಅವರು ಹೋದ್ರು, ಆ ಭಾನುವಾರ ನಮ್ಮ ಕ್ಲಾಸಲ್ಲಿ ಯಾರೂ ಹಾಡಲಿಲ್ಲ, ಅವರು ತಿದ್ದಿದ್ದ ಹಾಡುಗಳ ವಿಡಿಯೋನೇ ಹಾಕ್ಕೊಂಡು ಕೂತಿದ್ವಿ. ಹಾಡು ಕಲಿಯೋದನ್ನ ನೋಡೋಕೆ ಜನ ಕೂರ್ತಾರೆ ಅಂತ ಕನ್ನಡ ಟಿವಿನೇ ಒಂದ್ಸಲ ತೋರಿಸಿಕೊಟ್ಟಿದೆ, ನಾನು ಹೊಸದಾಗಿ ಏನೂ ಕೇಳ್ತಿಲ್ಲ.

ಇನ್ನೊಂದು ವಿಷಯ. ನಮ್ಮಕ್ಕನ ಮಗ ಸ್ಟಾಕ್‌ಹೋಮ್‌ನಲ್ಲಿ ಕೆಲಸದಲ್ಲಿದಾನೆ. ಅಲ್ಲಿ ಮೇ ತಿಂಗಳಲ್ಲಿ ಯೂರೋವಿಷನ್ ಅಂತ ದೇಶ ದೇಶಗಳ ಹಾಡಿನ ಸ್ಪರ್ಧೆ ಟಿವಿಲಿ ಬರುತ್ತೆ, ನಮ್ಮಲ್ಲಿ ಐಪಿಎಲ್ ಫೈನಲ್ ನೋಡೋ ಹಾಗೆ ಜನ ಒಟ್ಟು ಸೇರಿ ನೋಡ್ತಾರಂತೆ. ಅವನು ಪ್ರತಿ ವರ್ಷ ಲಿಂಕ್ ಕಳಿಸ್ತಾನೆ, ನಾನು ಭಾಷೆ ಗೊತ್ತಿಲ್ದಿದ್ರೂ ಕೇಳ್ತೀನಿ. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೋ ಊರಲ್ಲಿ 7 ದೇಶ ಸೇರಿ ಶುರು ಮಾಡಿದ್ದು, ಆಗ ಎದುರಿಗೇ ಆರ್ಕೆಸ್ಟ್ರಾ ಕೂತು ನುಡಿಸೋದು. 1998ರ ಸ್ಪರ್ಧೆ ಆದ್ಮೇಲೆ ಆ ಆರ್ಕೆಸ್ಟ್ರಾ ಹೋಯ್ತು, ಈಗ ವಾದ್ಯ ಎಲ್ಲಾ ಟ್ರ್ಯಾಕಲ್ಲೇ. ಆಡಂಬರದಲ್ಲಿ ಅವರು ನಿಮಗಿಂತ ಎಷ್ಟೋ ಮುಂದೆ. 2014ರಲ್ಲಿ ಕೋಪನ್‌ಹೇಗನ್‌ನಲ್ಲಿ ಉಕ್ರೇನಿನ ಹುಡುಗಿ ಹಾಡ್ತಿದ್ರೆ ಹಿಂದೆ ಒಬ್ಬ ದೊಡ್ಡ ಚಕ್ರದೊಳಗೆ ಓಡ್ತಿದ್ದ, ಅದಕ್ಕೂ ಎರಡು ವರ್ಷ ಮುಂಚೆ ಬಾಕುವಿನಲ್ಲಿ ರಷ್ಯಾದ ಹಳ್ಳಿ ಅಜ್ಜಿಯರು ಸ್ಟೇಜ್ ಮೇಲೆ ಒಲೆ ಇಟ್ಕೊಂಡು ಹಾಡಿ ಎರಡನೇ ಸ್ಥಾನಕ್ಕೆ ಬಂದ್ರು. ಆ ಅಜ್ಜಿಯರು ನನಗೆ ಇಷ್ಟವೇ ಆದ್ರು, ಇರಲಿ.

ಆದ್ರೆ ಅಷ್ಟೆಲ್ಲಾ ಆಡಂಬರ ಇದ್ರೂ ಅವರು ಒಂದಿಷ್ಟು ನಿಯಮ ಬಿಟ್ಟಿಲ್ಲ. ಮುಖ್ಯ ಗಾಯಕರು ಲೈವ್ ಆಗೇ ಹಾಡ್ಬೇಕು. ಹಾಡು 3 ನಿಮಿಷ ಮೀರಂಗಿಲ್ಲ, ಆದ್ರೆ ಸ್ಪರ್ಧೆಗೆ ಕೊಟ್ಟ ಹಾಡನ್ನ ಪೂರ್ತಿ ಹಾಡ್ಬೇಕು, ಅದೂ ಹೊಸ ಹಾಡು. ಸ್ಟೇಜ್ ಮೇಲೆ 6 ಜನಕ್ಕಿಂತ ಜಾಸ್ತಿ ಇರಂಗಿಲ್ಲ. ನಮ್ಮಲ್ಲಿ ಒಂದು ಮಗು ಹಾಡ್ತಿದ್ರೆ ಸುತ್ತ ಎಷ್ಟು ಜನ ಡ್ಯಾನ್ಸರ್ಸ್ ಇರ್ತಾರೆ ಅಂತ ನೀವೇ ಒಂದ್ಸಲ ಎಣಿಸಿ ನೋಡಿ.

2017ರಲ್ಲಿ ಕೀವ್‌ನಲ್ಲಿ ನಡೆದಿದ್ದನ್ನ ನೀವು ಎಲ್ರೂ ದಯವಿಟ್ಟು ನೋಡ್ಬೇಕು. ಪೋರ್ಚುಗಲ್ 1964ರಿಂದ ಆ ಸ್ಪರ್ಧೆಗೆ ಹೋಗ್ತಿತ್ತು, ಒಂದ್ಸಲಾನೂ ಗೆದ್ದಿರಲಿಲ್ಲ. ಆ ವರ್ಷ ಸಾಲ್ವದೋರ್ ಸೋಬ್ರಾಲ್ ಅನ್ನೋ ಹುಡುಗ ಬಂದ, ಹಾಡು ಅವನ ಅಕ್ಕನೇ ಮಾಡಿದ್ದು, ಅವರದೇ ಪೋರ್ಚುಗೀಸ್ ಭಾಷೇಲಿ. ದೊಡ್ಡ ಸ್ಟೇಜ್ ಬಿಟ್ಟು ಜನರ ಮಧ್ಯೆ ಇದ್ದ ಒಂದು ಚಿಕ್ಕ ವೇದಿಕೆ ಮೇಲೆ ಒಬ್ಬನೇ ನಿಂತ, ಕುಣಿಯೋರಿಲ್ಲ, ಬೆಂಕಿ ಇಲ್ಲ, ಕೈಯನ್ನ ಎದೆ ಹತ್ರ ಮಡಚ್ಕೊಂಡು ಏನೋ ಗುಟ್ಟು ಹೇಳೋ ಥರ ಹಾಡ್ದ. 758 ಪಾಯಿಂಟು! ತಜ್ಞರ ವೋಟಲ್ಲೂ ಫಸ್ಟು, ಜನರ ವೋಟಲ್ಲೂ ಫಸ್ಟು. ಗೆದ್ದ ಮೇಲೆ ಅವನು ಅಲ್ಲೇ ನಿಂತು, ಸಂಗೀತ ಅಂದ್ರೆ ಪಟಾಕಿ ಅಲ್ಲ, ಸಂಗೀತ ಅಂದ್ರೆ ಭಾವನೆ ಅನ್ನೋ ಅರ್ಥದ ಮಾತು ಹೇಳ್ದ. ನನಗೆ ಒಂದಕ್ಷರ ಪೋರ್ಚುಗೀಸ್ ಬರಲ್ಲ, ಅಡುಗೆಮನೇಲಿ ನಿಂತು ಫೋನಲ್ಲಿ ಕೇಳಿದ್ದು, ಒಲೆ ಮೇಲಿದ್ದ ಹಾಲು ಉಕ್ಕಿ ಹೋಯ್ತು.

ಜನಕ್ಕೆ ಥಳುಕು ಬೇಕು, ಇಲ್ದಿದ್ರೆ ಟಿಆರ್‌ಪಿ ಬರಲ್ಲ ಅಂತ ಹೇಳ್ತೀರಲ್ಲ, ಅದಕ್ಕೊಂದು ಮಾತು. 2015ರಲ್ಲಿ ವಿಯೆನ್ನಾದಲ್ಲಿ ಸ್ವೀಡನ್ ಗೆದ್ದಿದ್ದು ಹಿಂದಿನ ಪರದೆ ಮೇಲೆ ಬರೋ ಚಿತ್ರದ ಪುಟ್ಟ ಹುಡುಗನ ಜೊತೆ ಗಾಯಕ ಆಟ ಆಡೋ ಹಾಗೆ ಮಾಡಿದ ಹಾಡಿನಿಂದ, ನೋಡೋಕೆ ನಿಜಕ್ಕೂ ಜಾಣತನದ ಕೆಲಸ. ಆದ್ರೆ ಜನರ ಫೋನ್ ವೋಟಲ್ಲಿ ಆವತ್ತು ಫಸ್ಟ್ ಬಂದಿದ್ದು ಇಟಲಿ, ಮೂರು ಜನ ಹುಡುಗ್ರು ನೆಟ್ಟಗೆ ನಿಂತು ಎದೆ ತುಂಬಾ ಹಾಡಿದ್ದು. ಸ್ವೀಡನ್ ಜನರ ವೋಟಲ್ಲಿ ಮೂರನೇದು, ಅದನ್ನ ಮೇಲಕ್ಕೆ ತಂದಿದ್ದು ತಜ್ಞರ ಮಾರ್ಕು. ಹಾಗಾಗಿ ಜನ ಕೇಳ್ತಾರೆ ಅಂತ ಪ್ರತಿ ಸಲ ನಮ್ಮ ಮೇಲೆ ಹಾಕ್ಬೇಡಿ, ನಾವು ಕೇಳಿದ್ದು ಹಾಡನ್ನ.

ನಮ್ಮ ಕೊಡಗಲ್ಲಿ ದುಡಿ ಕೊಟ್ಟ್ ಪಾಟ್ ಅಂತ ಇದೆ, ದುಡಿ ಅನ್ನೋ ಪುಟ್ಟ ಚರ್ಮವಾದ್ಯ ಬಾರಿಸ್ತಾ ಹಾಡೋ ಹಾಡು, ನಿಮ್ಮಲ್ಲಿ ಕೆಲವರು ಹೋಂಸ್ಟೇಗೆ ಬಂದಾಗ ಮದುವೆ ಮನೇಲಿ ಕೇಳಿರ್ತೀರ. ನಾಲ್ಕು ಜನ ಕುಪ್ಯ ಚೇಲೆ, ಅಂದ್ರೆ ಕೊಡವರ ನಿಲುವಂಗಿ, ಸೊಂಟಪಟ್ಟಿ ಹಾಕ್ಕೊಂಡು ಅಂಗೈಯಷ್ಟು ನಡು ಇರೋ ಸಣ್ಣ ದುಡಿ ಹಿಡ್ಕೊಂಡು ನಿಲ್ತಾರೆ, ಇಬ್ರು ಒಂದು ಸಾಲು ಹೇಳಿದ್ರೆ ಇನ್ನಿಬ್ರು ಅದನ್ನೇ ತಿರುಗಿ ಹೇಳ್ತಾರೆ. ಮದುವೆಗೂ ಅದೇ, ಸಾವಿಗೂ ಅದೇ, ಪುತ್ತರಿ ಸುಗ್ಗಿ ಹಬ್ಬಕ್ಕೂ ಅದೇ. ದೇಶದ ಕತೆ, ಮನೆತನದ ಕತೆ, ಸತ್ತ ಮನುಷ್ಯನ ಬಾಳಿನ ಕತೆ ಎಲ್ಲಾ ಆ ಒಂದೇ ಥರದ ತಾಳದಲ್ಲಿ ಗಂಟೆಗಟ್ಲೆ ನಡೆಯುತ್ತೆ. ನಡಿಕೇರಿಯಂಡ ಚಿಣ್ಣಪ್ಪನವರು ಅಂಥ ಹಾಡುಗಳನ್ನ ಹುಡುಕಿ ಬರ್ಕೊಂಡು 1924ರಲ್ಲಿ ಪಟ್ಟೋಲೆ ಪಳಮೆ ಅಂತ ಪುಸ್ತಕ ಮಾಡಿದ್ರು, ಅಲ್ಲೀ ತನಕ ಅವೆಲ್ಲ ಬರೀ ಬಾಯಿಂದ ಕಿವಿಗೆ ಬಂದ ಹಾಡುಗಳು. ನಾನು ಕೊಡವ ತಕ್ಕ್ ಭಾಷೆ ಮಾತಾಡೋ ಮನೆಯವಳಲ್ಲ, ಆದ್ರೆ ಪಕ್ಕದ ಐನ್‌ಮನೇಲಿ, ಅಂದ್ರೆ ಕೊಡವ ಮನೆತನದ ಹಿರಿಮನೇಲಿ ದುಡಿ ಶಬ್ದ ಶುರುವಾದ್ರೆ ನಮ್ಮ ಮನೆ ಮಕ್ಕಳೂ ಬೇಲಿ ಹತ್ರ ಹೋಗಿ ನಿಲ್ತವೆ. ಅಲ್ಲಿ ನೋಡೋಕೆ ಏನೂ ಇಲ್ಲ, ನಾಲ್ಕು ಜನ ನಿಂತಿರ್ತಾರೆ ಅಷ್ಟೇ, ಕೇಳೋಕೆ ನಿಲ್ತವೆ.

ನಾನೂ ಆಕಾಶವಾಣಿ ಆಡಿಷನ್ ಕೊಟ್ಟೇ ಬಂದಿರೋಳು. ಮುಚ್ಚಿದ ಸ್ಟುಡಿಯೋ, ಒಂದು ಮೈಕು, ಒಂದು ತಂಬೂರಿ, ಕೇಳೋರು ಗೋಡೆ ಆಚೆ. ಉಟ್ಟಿದ್ದ ಸೀರೆ ಯಾವುದು ಅಂತ ಅವರಿಗೆ ಗೊತ್ತಿಲ್ಲ, ಅಪ್ಪ ಏನು ಕೆಲಸ ಅಂತ ಗೊತ್ತಿಲ್ಲ, ಧ್ವನಿ ಕೇಳಿ ಗ್ರೇಡ್ ಕೊಟ್ರು. ಮೊದಲನೇ ಸಲ ಫೇಲಾದೆ. ಅತ್ತೆ, ಆದ್ರೆ ಅವಮಾನ ಆಗ್ಲಿಲ್ಲ, ಯಾಕಂದ್ರೆ ಫೇಲಾಗಿದ್ದು ನನ್ನ ಹಾಡು, ಅದನ್ನ ಮನೆಗೆ ತಂದು ತಿದ್ಕೊಳ್ಳಬಹುದಿತ್ತು. ಉಯ್ಯಾಲೆ ಮೇಲೆ ಕೂತು ಫೇಲಾದ ಮಗು ಏನನ್ನ ತಿದ್ಕೋಬೇಕು ಹೇಳಿ.

ಇದರ ಪರಿಣಾಮ ನನ್ನ ವರಾಂಡ ತನಕ ಬಂದಿದೆ, ಅದೇ ನನಗೆ ಜಾಸ್ತಿ ಸಂಕಟ. ಈಗ ಹೊಸದಾಗಿ ಸೇರೋ ಮಕ್ಕಳು ಸರಳೆ ವರಸೆ ಕೂತು ಹಾಡೋಕೆ ಒಪ್ಪಲ್ಲ. ಎದ್ದು ನಿಂತು ಕೈ ಆಡಿಸ್ತಾ ಹಾಡ್ತವೆ, ಇಲ್ಲದ ಕ್ಯಾಮೆರಾ ಕಡೆ ನೋಡ್ತವೆ. ಒಬ್ಬ ತಾಯಿ ಬಂದು, ಮಿಸ್ ನೀವು ಮೂವ್‌ಮೆಂಟ್ ಹೇಳ್ಕೊಡಲ್ವಾ, ಈಗಿನ ಶೋಗೆ ಅದೂ ಬೇಕಂತೆ ಅಂದ್ರು. ಅವರನ್ನ ಬೈಯೋಕಾಗುತ್ತಾ? ಟಿವಿಲಿ ಗೆದ್ದಿದ್ದು ಯಾವುದು ಅಂತ ಅವರೂ ನೋಡ್ತಿದಾರೆ. ಪಲ್ಲವಿ ಒಂದೇ ಗೊತ್ತಿರೋ ಮಕ್ಕಳು ಎಷ್ಟಾಗಿದಾರೆ ಅಂದ್ರೆ ನಮ್ಮ ಕಡೆ ಸ್ಕೂಲ್ ಡೇಲಿ ಚರಣ ಬಂದ ತಕ್ಷಣ ಧ್ವನಿ ಸಣ್ಣಗಾಗುತ್ತೆ, ಪದ ಗೊತ್ತಿರಲ್ಲ. ಎಷ್ಟೋ ಕವಿತೆಗಳಲ್ಲಿ ಕವಿ ಹೇಳ್ಬೇಕಾದ್ದು ಕೊನೇ ಚರಣದಲ್ಲೇ ಇರೋದು, ನೀವು ಕತ್ತರಿಸೋದೂ ಅದನ್ನೇ.

ನಾನು ಕೇಳ್ಕೊಳ್ಳೋದು ಜಾಸ್ತಿ ಏನಿಲ್ಲ. ಒಂದು ಸೀಸನ್ನಲ್ಲಿ ಒಂದೇ ಒಂದು ರೌಂಡ್ ಬರೀ ಹಾಡಿಗೆ ಬಿಡಿ. ಎಲ್‌ಇಡಿ ಆರಿಸಿ, ಹೊಗೆ ಬೇಡ, ಡ್ಯಾನ್ಸರ್ಸ್‌ಗೆ ಆವತ್ತು ರಜೆ ಕೊಡಿ, ವಾದ್ಯದವರನ್ನ ಮಾತ್ರ ಮುಂದೆ ಕೂರಿಸಿ, ಅವರ ಕೈಯನ್ನೂ ಒಂಚೂರು ತೋರಿಸಿ, ತಬಲಾದವರ ಮುಖ ನಾವು ಇಲ್ಲೀ ತನಕ ಸರಿಯಾಗಿ ನೋಡೇ ಇಲ್ಲ. ಹಾಡು ಪೂರ್ತಿ ಇರಲಿ, ಎರಡೂ ಚರಣ ಇರಲಿ. ತೀರ್ಪು ಕೊಡೋರು ಬೇಕಾದ್ರೆ ಕಣ್ಣು ಮುಚ್ಕೊಂಡು ಕೇಳ್ಲಿ. ರೆಕಾರ್ಡ್ ಆದ ಧ್ವನಿಗೆ ಆಮೇಲೆ ಸ್ಟುಡಿಯೋದಲ್ಲಿ ಶ್ರುತಿ ತಿದ್ದೋದಿದ್ರೆ ಪರದೆ ಮೇಲೆ ಒಂದು ಸಾಲು ಬರ್ದು ತಿಳಿಸಿ, ಇಲ್ಲಾಂದ್ರೆ ಮನೇಲಿ ಕಲಿಯೋ ಮಕ್ಕಳು ಅದು ನಿಜ ಅಂದ್ಕೊಂಡು ತಮ್ಮ ಗಂಟಲನ್ನೇ ದ್ವೇಷ ಮಾಡ್ತವೆ, ಇದನ್ನ ನಾನು ಕಣ್ಣಾರೆ ನೋಡಿದೀನಿ. ಇನ್ನೊಂದು, ಮಗು ಬಡವರ ಮನೆಯದು ಅನ್ನೋದನ್ನ ಹಾಡಿಗೆ ಮುಂಚೆ ಹೇಳ್ಬೇಡಿ. ಹೇಳ್ಲೇಬೇಕು ಅಂದ್ರೆ ಮಾರ್ಕು ಕೊಟ್ಟಾದ ಮೇಲೆ ಹೇಳಿ. ಅಮ್ಮಂದಿರನ್ನ ಅಳಿಸ್ಬೇಡಿ. ಮತ್ತೆ ಮಕ್ಕಳನ್ನ ದಯವಿಟ್ಟು ನೆಲದ ಮೇಲೆ ನಿಲ್ಸಿ ಹಾಡ್ಸಿ.

ಸಾಧ್ಯ ಆದ್ರೆ ಒಂದು ರೌಂಡ್ ಹೊಸ ಹಾಡಿಗೂ ಇಡಿ. ಇವತ್ತು ಬರೀತಿರೋ ಕನ್ನಡದ ಕವಿಗಳಿದಾರೆ, ರಾಗ ಹಾಕೋ ಹುಡುಗ್ರು ಹುಡುಗೀರು ಮಡಿಕೇರಿಲೂ ಇದಾರೆ ಕೊಪ್ಪಳದಲ್ಲೂ ಇದಾರೆ, ಅವರಿಗೆ ಒಂದು ಬಾಗಿಲು ಬೇಕು.

ಆ ಹುಡುಗಿ ಮೂರು ವಾರ ಕ್ಲಾಸಿಗೆ ಬರಲಿಲ್ಲ. ನಾಲ್ಕನೇ ಭಾನುವಾರ ಬಂದು ಕೊನೇ ಸಾಲಲ್ಲಿ ಕೂತ್ಲು, ಹಾಡು ಅಂದ್ರೆ ತಲೆ ಅಲ್ಲಾಡಿಸಿದ್ಲು. ನಾನು ಬಲವಂತ ಮಾಡ್ಲಿಲ್ಲ, ಫೋನಲ್ಲಿದ್ದ ಆ ಹಳೇ ರೆಕಾರ್ಡಿಂಗ್ ಹಾಕಿ ಒಳಗೆ ಕಾಫಿ ಮಾಡೋಕೆ ಹೋದೆ. ಹುಂಜ ಕೂಗಿದ್ದು, ಗೇಟ್ ತೆಗೆದಿದ್ದು ಕೇಳಿಸ್ತು. ಎರಡನೇ ಚರಣ ಬಂದಾಗ ವರಾಂಡದಲ್ಲಿ ಎರಡು ಧ್ವನಿ ಇತ್ತು, ಫೋನಿಂದ ಒಂದು, ಅದರ ಕೆಳಗೆ ಸಣ್ಣಗೆ ಇನ್ನೊಂದು. ಮೂರನೇ ಸಾಲಿಗೆ ಬಂದಾಗ ಸಣ್ಣದಿದ್ದಿದ್ದು ಮಧ್ಯದಲ್ಲೇ ಉಸಿರು ತಗೊಳ್ತು. ಈಗ ಮತ್ತೆ ಆ ಸಾಲಿಗೆ ಕೂತಿದೀವಿ.

ನಿಮ್ಮ ಮುಂದಿನ ಆಡಿಷನ್ ಕೊಡಗಿಗೆ ಬಂದ್ರೆ ಸುಂಟಿಕೊಪ್ಪದಲ್ಲಿ ಗಾಡಿ ನಿಲ್ಸಿ. ಹಾರ್ಮೋನಿಯಂ ಇದೆ, ಚಾಪೆ ಇದೆ. ಅವಳು ಹಾಡೋಕೆ ಒಪ್ಪಿದ್ರೆ ಮೂರು ಮುಕ್ಕಾಲು ನಿಮಿಷ ಬೇಕಾಗುತ್ತೆ, ಅಷ್ಟು ಹೊತ್ತು ಕೂತು ಕೇಳಿ.

ಇಂತಿ,
ಸುಂಟಿಕೊಪ್ಪದಿಂದ ಒಬ್ಬ ಹಾಡಿನ ಮೇಷ್ಟ್ರಮ್ಮ